ಕಾಲು ಕಟ್ಟುವ ವಿದ್ಯೆ

(ತುಮಕೂರಿನಲ್ಲಿ ಓದುಗರ ಒಂದು ಸಣ್ಣ ಗುಂಪಿನ ತಿಂಗಳ ಮಾತುಕತೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಂದು ಹೇಳಿದ್ದರಲ್ಲಿ ಒಂದಿಷ್ಟು ಬಿಟ್ಟಿದ್ದೇನೆ. ಬಾಯಿತಪ್ಪಿ ಹೇಳಿದ್ದ ಒಂದೆರಡು ಇಸವಿ ತಿದ್ದಿದ್ದೇನೆ.)

ನಾನು ಬರುವ ಹೊತ್ತಿಗೇ ನೀವೆಲ್ಲ ಕೂತಿದ್ದಿರಿ. ನಲವತ್ತು ಕುರ್ಚಿ, ಮೂವತ್ತು ಚಿಲ್ಲರೆ ಜನ. ಮುಂದಿನ ಸಾಲು ಖಾಲಿ, ಅದು ಎಲ್ಲ ಸಭೆಗಳ ಸಂಪ್ರದಾಯ. ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ, 'ಜನ ಸ್ವಲ್ಪ ಕಮ್ಮಿ, ಬೇಜಾರು ಮಾಡ್ಕೋಬೇಡಿ ಸಾರ್' ಅಂದರು. ಬೇಜಾರೆಲ್ಲಿಂದ ಬರಬೇಕು ಸ್ವಾಮಿ! ಮೂವತ್ತು ಜನ ತಾವಾಗಿ ಬಂದು, ನನ್ನ ಕಡೆಗೇ ಮುಖ ಮಾಡಿ, ನಾನು ಬಾಯಿ ಬಿಡುವ ಮೊದಲೇ ಸುಮ್ಮನೆ ಕೂತಿದ್ದೀರಿ. ಬೀದಿಯಲ್ಲಿ ಕಣ್ಕಟ್ಟಿನ ಆಟ ಆಡುವವನಿಗೆ ಇದು ಉತ್ತು, ಬಿತ್ತು, ಕಳೆ ತೆಗೆದ ಹೊಲವನ್ನು ಯಾರೋ ಕೈಗೆ ಕೊಟ್ಟ ಹಾಗೆ.

ಬೀದಿಯಲ್ಲಿ ಕುರ್ಚಿ ಇರುವುದಿಲ್ಲ. ಅಲ್ಲಿರುವವರು ಯಾರೂ ನಿಮಗಾಗಿ ಬಂದವರಲ್ಲ. ಒಬ್ಬರಿಗೆ ಸೊಪ್ಪು ಕೊಳ್ಳಬೇಕು, ಇನ್ನೊಬ್ಬರಿಗೆ ಐದೂವರೆ ಬಸ್ಸು ಹಿಡಿಯಬೇಕು, ಮತ್ತೊಬ್ಬರು ಮಗುವಿಗೆ ಚಪ್ಪಲಿ ಕೊಡಿಸಲು ಬಂದಿದ್ದಾರೆ. ನಡೆಯುತ್ತಿರುವ ಆ ಕಾಲುಗಳನ್ನು ನಿಲ್ಲಿಸಬೇಕು. ನನಗೆ ಆಟ ಕಲಿಸಿದ ಚಾಚಾ ಒಂದು ಮಾತು ಹೇಳುತ್ತಿದ್ದರು: 'ಕಣ್ಣು ಕಟ್ಟೋದು ಮೂರು ತಿಂಗಳು, ಬೇಟಾ. ಕಾಲು ಕಟ್ಟೋದು ಮೂರು ವರ್ಷ.' ಹತ್ತೊಂಬತ್ತು ವರ್ಷ ಬಿಟ್ಟು ಮತ್ತೆ ಬೀದಿಗೆ ಇಳಿದಾಗ, ಆ ಲೆಕ್ಕ ಕರಾರುವಾಕ್ಕು ಅಂತ ಗೊತ್ತಾಯಿತು. ಇವತ್ತು ನಾನು ಹೇಳಲು ಬಂದಿರುವುದು ಬಹುಮಟ್ಟಿಗೆ ಇಷ್ಟೇ.

ಮೊದಲು ನನ್ನ ವಿಷಯ ಚುಟುಕಾಗಿ ಮುಗಿಸುತ್ತೇನೆ. 1988ರಲ್ಲಿ ಸಿದ್ಧಗಂಗೆ ಜಾತ್ರೆಯಲ್ಲಿ, ದನಗಳ ಸಾಲು ಮುಗಿಯುವ ಕಡೆ, ಚಾಚಾ ಕೂತಿದ್ದರು. ನೆಲಕ್ಕೆ ಒಂದು ದುಪ್ಪಟಿ, ಮುಂದೆ ಮೂರು ಮರದ ಬಟ್ಟಲು, ಒಂದು ಡಮರುಗ. ನನಗೆ ಇಪ್ಪತ್ತು ವರ್ಷ, ಪಿಯುಸಿ ಫೇಲು, ಮನೆಯಲ್ಲಿ ಬೈಗುಳ. ಐದು ದಿನ ಅವರ ಎದುರೇ ಕೂತೆ. ಆರನೆಯ ದಿನ ಡಮರುಗ ನನ್ನ ಕೈಗೆ ಕೊಟ್ಟು, 'ಸುಮ್ಮನೆ ಯಾಕೆ ಕೂತೀಯಾ, ಬಾರಿಸು' ಅಂದರು. ಉತ್ತರದ ಕಡೆ ಇಂಥ ಹುಡುಗನನ್ನು ಜಮೂರಾ ಅನ್ನುತ್ತಾರೆ, ನಾನು ಇಪ್ಪತ್ತರ ಕೋಣ ಜಮೂರಾ. ಅಲ್ಲಿಂದ ಹದಿನೈದು ವರ್ಷ ಸಂತೆ, ಜಾತ್ರೆ, ಬಸ್ ಸ್ಟ್ಯಾಂಡು. ಚಾಚಾ ಹೋದ ಮೇಲೆ ಬಟ್ಟಲು ನನಗೆ ಬಂದವು.

ಈ ವಿದ್ಯೆಗೆ ನಮ್ಮಲ್ಲಿ ಹೆಸರಿಗೇನೂ ಬರ ಇಲ್ಲ. ಮೋಡಿ, ಗಾರುಡಿ, ಇಂದ್ರಜಾಲ, ಯಕ್ಷಿಣಿ, ಜಾದೂ. ಈಗ ಎಲ್ಲದಕ್ಕೂ ಮ್ಯಾಜಿಕ್. ನನಗೆ ಹಿಡಿಸುವುದು ಕಣ್ಕಟ್ಟು. ಅದು ಮರ್ಯಾದಸ್ಥ ಪದ. ನಿಮ್ಮ ಕಣ್ಣಿಗೆ ಕಟ್ಟು ಹಾಕುತ್ತೇನೆ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ ಅಂತ ಹೆಸರಿನಲ್ಲೇ ಒಪ್ಪಿಕೊಂಡುಬಿಡುತ್ತದೆ.

ಬಿಟ್ಟದ್ದು 2003ರಲ್ಲಿ. ಟೀವಿ ಬಂದು ಆಟ ಸತ್ತಿತು ಅಂತ ಬಹಳ ಜನ ನನ್ನ ಪರವಾಗಿ ಕಾರಣ ಹೇಳುತ್ತಾರೆ. ನನಗೆ ಟೀವಿಯಿಂದ ಏನೂ ಆಗಲಿಲ್ಲ, ಸಂತೆಗೆ ಬರುವವರು ಬರುತ್ತಲೇ ಇದ್ದರು. ಆದದ್ದು ಬೇರೆ. ಮಗಳು ಮೂರನೆಯ ಕ್ಲಾಸು. ಅವಳ ಜೊತೆಯ ಹುಡುಗಿ ಅಪ್ಪನ ಜೊತೆ ಸಂತೆಗೆ ಬಂದಿದ್ದಳು, ನಾನು ದುಪ್ಪಟಿ ಹಿಡಿದು ಸುತ್ತು ಬರುವುದನ್ನು ನೋಡಿದಳು. ಮರುದಿನ ಮಗಳು ಶಾಲೆಯಿಂದ ಬಂದು ಚೀಲ ಬಿಸಾಕಿ, 'ಅಪ್ಪ, ನೀನು ಭಿಕ್ಷೆ ಬೇಡ್ತೀಯಂತೆ, ಹೌದಾ?' ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಆಟ ಮುಂದುವರಿಸುತ್ತಿದ್ದೆನೋ ಏನೋ. ಅವಳು ಕೇಳಿದ್ದು ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತಿಂಗಳೇ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ.

ಇಲ್ಲೊಂದು ಅಡ್ಡಮಾತು. ಆ ಹುಡುಗಿಯ ಮಾತು ಮಕ್ಕಳ ಮಾತು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅದು ಕಾನೂನಿನ ಮಾತೂ ಹೌದು. 1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯಿದೆಯಲ್ಲಿ ಭಿಕ್ಷೆ ಅಂದರೇನು ಅಂತ ವಿವರಿಸುತ್ತ, ಹಾಡು, ಕುಣಿತ, ಭವಿಷ್ಯ ಹೇಳುವುದು, ಆಟ ಪ್ರದರ್ಶನ, ಇವುಗಳ ನೆಪದಲ್ಲಿ ಸಾರ್ವಜನಿಕ ಜಾಗದಲ್ಲಿ ಕಾಸು ಕೇಳುವುದನ್ನೂ ಸೇರಿಸಿದ್ದಾರೆ. 'ನೆಪ' ಅನ್ನುವ ಪದ ನೋಡಿ! ಚಾಚಾ ಹನ್ನೆರಡು ವರ್ಷ ಬೆರಳು ಪಳಗಿಸಿದ್ದು ನೆಪಕ್ಕೆ. ದೆಹಲಿಗೂ ಅದೇ ಕಾಯಿದೆ ಅನ್ವಯವಾಗಿತ್ತು. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟು, ಭಿಕ್ಷೆಯನ್ನು ಅಪರಾಧ ಮಾಡುವ ಅದರ ಕಲಮುಗಳನ್ನು ತೆಗೆದುಹಾಕಿತು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, 2017ರ ಅಕ್ಟೋಬರ್ ಕೊನೆಯಲ್ಲಿ, ಅದೇ ದೆಹಲಿಯಲ್ಲಿ ಶಾದೀಪುರದ ಕಠ್‌ಪುತಲಿ ಕಾಲೊನಿಯನ್ನು ಬುಲ್ಡೋಜರ್ ಕೆಡವಿತ್ತು. ಬೊಂಬೆಯಾಟದವರು, ದೊಂಬರಾಟದವರು, ಜಾದೂಗಾರರು ದಶಕಗಳಿಂದ ಒಟ್ಟಿಗೆ ಬದುಕಿದ್ದ ಕೇರಿ ಅದು. ಫ್ಲ್ಯಾಟ್ ಕಟ್ಟಿಕೊಡುತ್ತೇವೆ ಅನ್ನುವುದು ಯೋಜನೆ. ಫ್ಲ್ಯಾಟಿನ ಮೆಟ್ಟಿಲ ಮೇಲೆ ಹಗ್ಗದಾಟ ಕಲಿಸುವುದು ಹೇಗೋ ನನಗಂತೂ ತಿಳಿಯದು. ನಮ್ಮ ರಾಜ್ಯದ ಭಿಕ್ಷಾಟನೆ ನಿಷೇಧ ಕಾಯಿದೆ 1975ರದು. ಮನೆ ಕಂದಾಯದ ರಸೀದಿಯಲ್ಲಿ ಭಿಕ್ಷುಕರ ಕರ ಅಂತ ಒಂದು ಸಾಲು ಇರುತ್ತದಲ್ಲ, ಅದನ್ನು ಕಟ್ಟುವಾಗಲೆಲ್ಲ ನನಗೆ ಮಗಳ ಪ್ರಶ್ನೆ ನೆನಪಾಗಿ ನಗು ಬರುತ್ತದೆ.

ಮತ್ತೆ ಶುರುವಾದದ್ದು ಒಂದು ಅವಮಾನದಿಂದ. 2021ರ ಮಳೆಗಾಲ. ಮಂಡಿಗೆ ಲೋಡು ತಂದ ಲಾರಿಯವನ ಜೊತೆ ಅವನ ಮಗ ಬಂದಿದ್ದ, ಏಳೆಂಟು ವರ್ಷ, ಬೇಸರಕ್ಕೆ ಮೂಟೆ ಒದೆಯುತ್ತಿದ್ದ. ನನ್ನ ಕೈ ತಾನಾಗಿ ಮೇಜಿನ ಮೇಲಿದ್ದ ಒಂದು ಅಡಿಕೆ ಎತ್ತಿತು. ಬಲಗೈಯಿಂದ ಎಡಗೈಗೆ ಹಾಕಿದ ಹಾಗೆ ಮಾಡಿ ಮಾಯ ಮಾಡುವುದು, ಕಲಿತವರು ಮೊದಲ ವಾರ ಮಾಡುವ ಆಟ. ಅಡಿಕೆ ಕೈಜಾರಿ ಟಪ್ಪಂತ ಬಿತ್ತು, ಉರುಳಿ ಹುಡುಗನ ಕಾಲ ಹತ್ತಿರ ನಿಂತಿತು. ಅವನು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, 'ಬಿತ್ತು ನೋಡಿ' ಅಂದ. ಪಾಪ, ಅಲ್ಲೊಂದು ಆಟ ನಡೆಯುತ್ತಿತ್ತು ಅಂತಲೇ ಅವನಿಗೆ ಗೊತ್ತಾಗಲಿಲ್ಲ. ಆ ರಾತ್ರಿ ಅಟ್ಟ ಹತ್ತಿ ಚೀಲ ಇಳಿಸಿದೆ. ಡಮರುಗದ ಚರ್ಮ ಇಲಿ ತಿಂದಿತ್ತು. ಬಟ್ಟಲು ಸರಿಯಾಗಿದ್ದವು.

ಒಂದು ಬಟ್ಟಲಿನ ಕೆಳಗಿಟ್ಟದ್ದು ಇನ್ನೊಂದರ ಕೆಳಗೆ ಸಿಗುವ ಈ ಬಟ್ಟಲಾಟದ ಬಗ್ಗೆ ಸ್ವಲ್ಪ ಹೇಳಬೇಕು. ಲೋಕದಲ್ಲಿ ಇದಕ್ಕಿಂತ ಹಳೆಯ ಆಟ ಸಿಗುವುದು ಕಷ್ಟ. ಒಂದನೆಯ ಶತಮಾನದ ರೋಮಿನಲ್ಲಿ ಸೆನೆಕಾ ಅನ್ನುವ ತತ್ವಜ್ಞಾನಿ ತನ್ನ ಗೆಳೆಯನಿಗೆ ಬರೆದ ಕಾಗದದಲ್ಲಿ ಬಟ್ಟಲು ಮತ್ತು ಹರಳಿನ ಆಟದ ಮಾತು ಬರುತ್ತದೆ. ಮೋಸಹೋಗುವುದರಲ್ಲೇ ಅದರ ಸುಖ, ಹೇಗೆ ಅಂತ ತಿಳಿದರೆ ನನಗದರಲ್ಲಿ ರುಚಿಯೇ ಇರುವುದಿಲ್ಲ ಅನ್ನುತ್ತಾನೆ. ಪಶ್ಚಿಮದವರು ಮೇಜಿನ ಮುಂದೆ ನಿಂತು ಲೋಟದಂಥ ಬಟ್ಟಲಿನಲ್ಲಿ ಆಡುತ್ತಾರೆ. ನಮ್ಮದು ನೆಲದಾಟ. ಬಟ್ಟಲು ಗಿಡ್ಡ, ಕವುಚಿದರೆ ನೆತ್ತಿಯ ಮೇಲೊಂದು ಗುಬುಟು, ಆ ಗುಬುಟನ್ನು ಬೆರಳ ಸಂದಿಯಲ್ಲಿ ಹಿಡಿದು ಎತ್ತುವುದು. ಒಳಗೆ ಹರಳಲ್ಲ, ಬಟ್ಟೆಯ ಉಂಡೆ. ಮೇಜಿನವನನ್ನು ಜನ ಮುಂದಿನಿಂದ ನೋಡುತ್ತಾರೆ. ನೆಲದ ಮೇಲೆ ಕೂತವನನ್ನು ನಾಲ್ಕೂ ಕಡೆಯಿಂದ, ಅದೂ ಮೇಲಿನಿಂದ, ಬಾವಿಯೊಳಗೆ ಇಣುಕಿದ ಹಾಗೆ ನೋಡುತ್ತಾರೆ. ಅವನಿಗೆ ಮರೆ ಅನ್ನುವುದೇ ಇಲ್ಲ. ಹಿಂದೆ ನಿಂತ ಹುಡುಗನಿಗೆ ನಿಮ್ಮ ಬೆನ್ನು, ತೋಳು, ಮೊಣಕೈ ಎಲ್ಲ ಕಾಣುತ್ತದೆ. ಇದಕ್ಕಿಂತ ಮುಂದೆ ಗುಟ್ಟು ಕೇಳಬೇಡಿ, ಚಾಚಾ ಕನಸಲ್ಲಿ ಬಂದು ಬೈಯುತ್ತಾರೆ.

ಕೈಯ ಕಥೆ ಹೀಗಾಯಿತು. ಕೈ ಮರೆತಿರುತ್ತದೆ ಅಂದುಕೊಂಡಿದ್ದೆ, ಮರೆತಿರಲಿಲ್ಲ. ಎರಡನೆಯ ವಾರಕ್ಕೇ ಲಯ ವಾಪಸು ಬಂತು. ಕಷ್ಟವೇನೆಂದರೆ ಅದು ನನ್ನ ಹಳೆಯ ತಪ್ಪುಗಳನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು. ಉಂಡೆ ಅಡಗಿಸುವಾಗ ಎಡ ಹೆಬ್ಬೆರಳು ತುಸು ನಿಮಿರುತ್ತಿತ್ತು, ಅದಕ್ಕೆ ಚಾಚಾ ಬೆರಳಿನ ಮೇಲೆ ಹೊಡೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಮೇಲೂ ಹೆಬ್ಬೆರಳು ಹಾಗೇ ನಿಮಿರಿತು, ಹೊಡೆಯುವವರು ಮಾತ್ರ ಇರಲಿಲ್ಲ. ಇನ್ನು ದೇಹದ ಬಾಬತ್ತು. ಐವತ್ತು ದಾಟಿದ ಅಂಗೈ ಒಣಗಿರುತ್ತದೆ, ಯೌವನದ ಬೆವರಿನ ಅಂಟು ಇರುವುದಿಲ್ಲ, ನಾಣ್ಯ ನಿಲ್ಲುವುದಿಲ್ಲ. ಗ್ಲಿಸರಿನ್ ಹಚ್ಚಿದೆ, ಜಾಸ್ತಿಯಾಗಿ ಉಂಡೆ ಅಂಟಿಕೊಂಡೇ ಉಳಿಯಿತು. ಚಾಳೀಸು ಬಂದಿದೆ. ಕನ್ನಡಕ ಹಾಕಿದರೆ ಕೈ ಕಾಣುತ್ತದೆ, ಜನರ ಮುಖ ಮಸುಕು. ತೆಗೆದರೆ ಮುಖ ಕಾಣುತ್ತದೆ, ಕೈ ಮಸುಕು. ತೆಗೆದುಬಿಟ್ಟೆ. ಆಟಗಾರ ತನ್ನ ಕೈ ನೋಡಿಕೊಂಡರೆ ಜನರೂ ಅದನ್ನೇ ನೋಡುತ್ತಾರೆ, ಚಾಳೀಸು ನನಗೆ ಉಪಕಾರವನ್ನೇ ಮಾಡಿತು. ಮಂಡಿ ಮಾತ್ರ ಯಾವ ಉಪಕಾರವನ್ನೂ ಮಾಡಲಿಲ್ಲ. ಅಡಿಕೆ ಮಂಡಿಯಲ್ಲ, ಕಾಲಿನದು. ಕುಕ್ಕರಗಾಲಿನಲ್ಲಿ ನಲವತ್ತು ನಿಮಿಷ ಕೂತು ಆಡುತ್ತಿದ್ದವನಿಗೆ ನಾಲ್ಕು ನಿಮಿಷಕ್ಕೆ ಕಣ್ಣಲ್ಲಿ ನೀರು. ಕೊನೆಗೆ ಗೇಣೆತ್ತರದ ಒಂದು ಮಣೆ ಮಾಡಿಸಿಕೊಂಡೆ. ಗೇಣೆತ್ತರ ಏರಿದ್ದಕ್ಕೆ ಜನ ನೋಡುವ ಕೋನವೇ ಬದಲಾಗಿ, ಅರ್ಧ ಆಟ ಹೊಸದಾಗಿ ಕಟ್ಟಬೇಕಾಯಿತು. ಆರು ತಿಂಗಳು ಅದಕ್ಕೇ ಹೋಯಿತು.

ರಾತ್ರಿ ಊಟವಾದ ಮೇಲೆ ಅಡುಗೆಮನೆಯ ನೆಲದ ಮೇಲೆ ಅಭ್ಯಾಸ. ಒಂದು ದಿನ ನಮ್ಮ ಮನೆಯವರು ಪಾತ್ರೆ ತೊಳೆಯುತ್ತ ತಿರುಗಿಯೂ ನೋಡದೆ, 'ರೀ, ನೀವು ಮೊದಲು ಹೀಗೆ ಆಡ್ತಿರಲಿಲ್ಲ' ಅಂದರು. ಹೇಗೆ ಅಂದೆ. 'ಬಾಯಿ ಮುಚ್ಕೊಂಡು ಆಡ್ತಿದ್ದೀರಿ.'

ಎಂಟು ತಿಂಗಳ ಅಭ್ಯಾಸದಲ್ಲಿ ನನಗೆ ಹೊಳೆಯದೇ ಇದ್ದದ್ದು ಇದು. ಮನೆಯವರಿಗೆ ನಿದ್ದೆ ಕೆಡಬಾರದು ಅಂತ ನಾನು ಮೌನವಾಗಿ ಪಳಗಿದ್ದೆ. ಕೈಗೆ ಸದ್ದಿಲ್ಲದ ಲಯ ಕೂತುಬಿಟ್ಟಿತ್ತು. ಬೀದಿಯ ಕಣ್ಕಟ್ಟಿನಲ್ಲಿ ಬಾಯಿ ಒಂದು ಪಕ್ಕವಾದ್ಯ ಅಲ್ಲ. ಉಂಡೆ ಎಲ್ಲಿಂದ ಎಲ್ಲಿಗೆ ಹೋಗಬೇಕೋ, ಅದು ಹೋಗುವುದು ಎರಡು ಮಾತಿನ ನಡುವೆ, ಜನ ನಗುವ ಅರೆಕ್ಷಣದಲ್ಲಿ. ನಗು ಬರದಿದ್ದರೆ ಕೈ ಕಾಯಬೇಕು. ಬಂದರೆ ಕೈ ಅಷ್ಟರೊಳಗೆ ಮುಗಿಸಿರಬೇಕು. ಅಡುಗೆಮನೆಯಲ್ಲಿ ನಗುವವರು ಯಾರು? ಅಂದಿನಿಂದ ಮಾತನಾಡುತ್ತ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು, 'ಯಜಮಾನರಿಗೆ ಹುಷಾರಿಲ್ವಾ?' ಅಂತ ಕೇಳಿದರಂತೆ.

ಮೊದಲ ದಿನ ಅಂತ ಆರಿಸಿಕೊಂಡದ್ದು 2022ರ ಬಸವನಗುಡಿ ಕಡಲೆಕಾಯಿ ಪರಿಷೆ. ನಮ್ಮೂರಲ್ಲಿ ಬೇಡ, ಗುರುತಿನವರು ಸಿಗುತ್ತಾರೆ ಅನ್ನುವ ಅಳುಕು. ಕಾರ್ತಿಕದ ಕೊನೆಯ ಸೋಮವಾರ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ, ಸೇರು, ಮಕ್ಕಳ ಬಾಯಲ್ಲೆಲ್ಲ ಪೀಪಿ. ಒಂದು ಸಂದಿ ನೋಡಿ ದುಪ್ಪಟಿ ಹಾಸಿದೆ. ಹಾಸಿದ ಕೂಡಲೇ ಒಬ್ಬ ಬಂದು, 'ಏನು ಮಾರ್ತೀಯಾ?' ಅಂದ. ಏನೂ ಮಾರಲ್ಲ ಅಂದೆ. 'ಮಾರದೇ ಇರೋನು ಇಲ್ಯಾಕೆ ಕೂತ್ಕೋತೀಯಾ?' ನ್ಯಾಯವಾದ ಪ್ರಶ್ನೆಯೇ. ಈ ಜಾಗದ ಹಳೆಯ ಹೆಸರು ಸುಂಕೇನಹಳ್ಳಿ ಅನ್ನುವುದು ಆ ಹೊತ್ತಿಗೆ ನೆನಪಾಗಿ ನಗು ಬಂತು. ನಕ್ಕದ್ದಕ್ಕೆ ಅವನಿಗೆ ಸಿಟ್ಟು ಬಂದು, ಇನ್ನೂ ಮೇಲಕ್ಕೆ ಹೋಗು ಅಂತ ಕೈ ತೋರಿಸಿದ. ಹೋದೆ.

ಅಲ್ಲಿ ನೆಲ ಡೊಂಕು. ಕುಣಿಯಲಾರದವಳ ಗಾದೆ ಹೇಳಬೇಡಿ, ಆ ರಸ್ತೆ ನಿಜವಾಗಿಯೂ ಏರು. ಬಟ್ಟಲು ಎತ್ತಿದರೆ ಉಂಡೆ ಉರುಳಿ ಕೆಳಗಿನ ಕಡಲೆಕಾಯಿ ರಾಶಿಯ ಕಡೆ ಹೊರಡುತ್ತಿತ್ತು. ಆದರೂ ನೆಲದ ಮೇಲೆ ತಪ್ಪು ಹೊರಿಸಲು ನನಗೆ ಬಾಯಿಲ್ಲ, ಏಕೆಂದರೆ ಉಂಡೆ ಉರುಳುವುದನ್ನು ನೋಡಲಿಕ್ಕಾದರೂ ಯಾರಾದರೂ ನಿಂತಿರಬೇಕಲ್ಲ! ಲಕ್ಷ ಜನ ನಡೆಯುತ್ತಿದ್ದಾರೆ, ಒಂದು ಕಾಲು ನಿಲ್ಲುತ್ತಿಲ್ಲ. ಹೊಸ ಚರ್ಮ ಹಾಕಿಸಿದ ಡಮರುಗ ಬಾರಿಸಿದರೆ ಸಾವಿರ ಪೀಪಿಗಳ ನಡುವೆ ನನಗೇ ಕೇಳಿಸಲಿಲ್ಲ. ಚಾಚಾ ಕಲಿಸಿದ್ದ ಉಪಾಯಗಳು ಒಂದೊಂದೇ ನೆನಪಾದವು. ನೀರು ಚಿಮುಕಿಸಿ ನೆಲದ ಮೇಲೆ ಗೆರೆ ಎಳೆಯುವುದು: ಗೆರೆ ಕಂಡರೆ ಜನ ಅದರ ಅಂಚಿಗೆ ನಿಲ್ಲುತ್ತಾರೆ, ಯಾಕೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಡಾಂಬರಿನ ಮೇಲೆ ನೀರು ಎರಡು ನಿಮಿಷಕ್ಕೆ ಆರಿತು. ಒಂದು ವಸ್ತುವನ್ನು ಬಟ್ಟೆಯ ಕೆಳಗೆ ಮುಚ್ಚಿಟ್ಟು ಅದರ ಕಡೆ ನೋಡದೆ ಸುಮ್ಮನಿರುವುದು: ಅದಕ್ಕೆ ಒಬ್ಬ ಹುಡುಗ ನಿಂತ. ಒಬ್ಬನೇ ನಿಂತರೆ ಅವನನ್ನು ಕಣ್ಣಲ್ಲೇ ಹಿಡಿದುಕೊಳ್ಳಬೇಕು, ಮಾತಾಡಿಸಿದರೆ ಓಡುತ್ತಾನೆ. ನಾನು ಮಾತಾಡಿಸಿದೆ. ಓಡಿದ.

ಮುಕ್ಕಾಲು ಗಂಟೆಯ ಮೇಲೆ ಹೇಗೋ ಏಳು ಜನ ನಿಂತರು. ಸರಿ, ನಾಣ್ಯದಾಟದಿಂದ ಶುರು ಮಾಡೋಣ ಅಂತ, 'ಯಾರಾದರೂ ಒಂದು ರೂಪಾಯಿ ನಾಣ್ಯ ಕೊಡಿ, ವಾಪಸು ಕೊಡ್ತೀನಿ' ಅಂದೆ. ಏಳು ಜನರೂ ಜೇಬು ಮುಟ್ಟಿಕೊಂಡರು. ಯಾರ ಹತ್ತಿರವೂ ನಾಣ್ಯ ಇರಲಿಲ್ಲ. 'ಫೋನ್ ಪೇ ಮಾಡ್ಲಾ ಅಂಕಲ್?' ಅಂತ ಒಬ್ಬ ಕೇಳಿದ. ತಮಾಷೆಗಲ್ಲ, ಸಹಾಯ ಮಾಡಲಿಕ್ಕೆ.

ನಾನು ಆಟ ಬಿಟ್ಟಾಗ ನಾಣ್ಯ ಗಾಳಿಯಷ್ಟು ಸಾಮಾನ್ಯವಾಗಿತ್ತು. ನನ್ನದಲ್ಲದ ನಾಣ್ಯ, ನಿಮ್ಮ ಜೇಬಿನದು, ಅದಕ್ಕೇ ಆಟಕ್ಕೆ ಬೆಲೆ. ನನ್ನ ನಾಣ್ಯವನ್ನೇ ನಾನು ಮಾಯ ಮಾಡಿದರೆ ಅದರಲ್ಲೇನಿದೆ? ಹತ್ತೊಂಬತ್ತು ವರ್ಷದಲ್ಲಿ ಆಟವೂ ಉಳಿದಿದೆ, ಬೆರಳೂ ಉಳಿದಿದೆ, ಮಾಯವಾಗಬೇಕಾದ ವಸ್ತುವೇ ಮೊದಲು ಮಾಯವಾಗಿಬಿಟ್ಟಿದೆ! ಅವತ್ತು ಪಕ್ಕದ ರಾಶಿಯ ಕಡಲೆಕಾಯಿ ತೆಗೆದುಕೊಂಡು ಆಡಿದೆ. ಕೊನೆಗೆ ದುಪ್ಪಟಿಯಲ್ಲಿ ಬಿದ್ದದ್ದು ಎಪ್ಪತ್ತು ರೂಪಾಯಿ, ಒಂದು ಬೊಗಸೆ ಕಡಲೆಕಾಯಿ. ಬಸ್ಸಿಗೆ ಅದರ ಎರಡರಷ್ಟು ಖರ್ಚು.

ಏಳರಲ್ಲಿ ಮೂವರು ಫೋನು ಎತ್ತಿ ಹಿಡಿದಿದ್ದರು. ಇದು ನನಗೆ ಹೊಸದು. ಆಟ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, ವಿಡಿಯೊ ನಿಧಾನ ಮಾಡಿ ತೋರಿಸಿ, 'ಅಂಕಲ್, ಇಲ್ಲಿ ನೋಡಿ, ಹೆಬ್ಬೆರಳು' ಅಂದ. ಚಾಚಾ ಸತ್ತು ಇಪ್ಪತ್ತು ವರ್ಷದ ಮೇಲೆ ಮತ್ತೆ ಬೆರಳಿಗೆ ಪೆಟ್ಟು ಬಿತ್ತು. ಬಸ್ಸಿನಲ್ಲಿ ಕೂತು ಮಗಳಿಗೆ ಫೋನು ಮಾಡಿ, ಮುಗೀತು, ಕ್ಯಾಮೆರಾ ಮುಂದೆ ಇದು ನಡೆಯಲ್ಲ ಅಂದೆ.

ಆಮೇಲೆ ಯೋಚಿಸಿದಾಗ ಕ್ಯಾಮೆರಾದ ಜಗಳ ಹಳೆಯದು ಅಂತ ಹೊಳೆಯಿತು. ಭಾರತದ ಹಗ್ಗದ ಮಾಟ ಕೇಳಿದ್ದೀರಲ್ಲ? ಜಾದೂಗಾರ ಹಗ್ಗ ಮೇಲೆಸೆಯುತ್ತಾನೆ, ಅದು ನೆಟ್ಟಗೆ ನಿಲ್ಲುತ್ತದೆ, ಹುಡುಗ ಹತ್ತಿ ಮಾಯವಾಗುತ್ತಾನೆ. ಇದಕ್ಕೆ ಲೋಕವ್ಯಾಪಿ ಹೆಸರು ತಂದುಕೊಟ್ಟದ್ದು ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ 1890ರ ಆಗಸ್ಟ್ 8ರ ಒಂದು ವರದಿ. ಇಬ್ಬರು ಅಮೆರಿಕನ್ನರು ಆಟ ನೋಡಿದರಂತೆ. ಒಬ್ಬ ಚಿತ್ರ ಬರೆದ, ಇನ್ನೊಬ್ಬ ಫೋಟೊ ತೆಗೆದ. ಚಿತ್ರದಲ್ಲಿ ಹಗ್ಗ, ಹುಡುಗ ಎಲ್ಲ ಇದ್ದರು. ಫೋಟೊದಲ್ಲಿ ಹಗ್ಗವೂ ಇಲ್ಲ, ಹುಡುಗನೂ ಇಲ್ಲ, ನೆಲದ ಮೇಲೆ ಫಕೀರನೊಬ್ಬನೇ! ಜನರನ್ನು ಮರುಳು ಮಾಡಿದ, ಕ್ಯಾಮೆರಾ ಮರುಳಾಗಲಿಲ್ಲ ಅನ್ನುವುದು ಕಥೆಯ ಸಾರ. ನಾಲ್ಕು ತಿಂಗಳ ಮೇಲೆ ಪತ್ರಿಕೆ, ಇದೆಲ್ಲ ಕಟ್ಟುಕಥೆ ಅಂತ ಒಪ್ಪಿಕೊಂಡಿತು. ಬರೆದವನು ಜಾನ್ ವಿಲ್ಕಿ, ಹಾಕಿಕೊಂಡಿದ್ದ ಹೆಸರು ಬೇರೆ. ಒಪ್ಪಿಗೆಯ ಸುದ್ದಿಯನ್ನು ಯಾರೂ ಓದಲಿಲ್ಲ, ಕಥೆ ಮಾತ್ರ ಊರೂರು ಸುತ್ತಿತು. 1934ರಲ್ಲಿ ಲಂಡನ್ನಿನ ಜಾದೂಗಾರರ ಸಂಘ ಮ್ಯಾಜಿಕ್ ಸರ್ಕಲ್‌ನವರು, ಬಯಲಲ್ಲಿ ಇದನ್ನು ಮಾಡಿ ತೋರಿಸಿದವರಿಗೆ 500 ಗಿನಿ ಅಂದರು. ಆ ಬಹುಮಾನ ಯಾರಿಗೂ ಸಂದಾಯವಾಗಲಿಲ್ಲ.

ಅದು ಪತ್ರಿಕೆಯ ಸುಳ್ಳು. ಆದರೆ ಹಗ್ಗ ಹತ್ತುವ ಜಾದೂಗಾರನ ಚಿತ್ರ ನಮ್ಮಲ್ಲಿ ಅದಕ್ಕಿಂತ ಸಾವಿರ ವರ್ಷ ಹಳೆಯದು. ಬ್ರಹ್ಮಸೂತ್ರದ ಭಾಷ್ಯದಲ್ಲಿ, ಮೊದಲ ಅಧ್ಯಾಯದಲ್ಲೇ, ಶಂಕರರು ಒಂದು ಹೋಲಿಕೆ ಕೊಡುತ್ತಾರೆ. ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೆ ಏರುವಂತೆ ಕಾಣುವ ಮಾಯಾವಿ ಬೇರೆ, ನೆಲದ ಮೇಲೆ ನಿಂತಿರುವ ನಿಜವಾದ ಮಾಯಾವಿ ಬೇರೆ ಅನ್ನುತ್ತಾರೆ. ಅವರಿಗೆ ಬೇಕಾಗಿದ್ದದ್ದು ಪರಮಾತ್ಮ, ನನಗೆ ಬೇಕಾಗಿದ್ದದ್ದು ನೆಲದ ಮೇಲೆ ನಿಂತವನು. ವೇದಾಂತ ಬಲ್ಲವರು ಕ್ಷಮಿಸಬೇಕು. ಅಲ್ಲಿ ಇಲ್ಲಿ ಎರಡೂ ಕಡೆ ಕೊನೆಗೆ ಉಳಿಯುವವನು ನೆಲದವನೇ ಅಲ್ಲವೇ? ಆ ಹುಡುಗನ ಫೋನಿನಲ್ಲಿ ಸಿಕ್ಕಿಬಿದ್ದವನೂ ಅವನೇ. ಹೆಬ್ಬೆರಳು ನಿಮಿರಿಸಿಕೊಂಡು ಕಡಲೆಕಾಯಿ ಅತ್ತಿತ್ತ ಮಾಡುತ್ತಿರುವ ಒಬ್ಬ ಮುದುಕ. ಆ ವಿಡಿಯೊವನ್ನು ಹುಡುಗನಿಂದ ಹಾಕಿಸಿಕೊಂಡು ಹತ್ತು ಸಲ ನೋಡಿದೆ. ಹತ್ತನೆಯ ಸಲ ನೋಡುವಾಗ ಹಿಂದಿನಿಂದ ಒಬ್ಬ ಹೆಂಗಸು 'ಅಯ್ಯೋ ಶಿವನೇ' ಅಂದದ್ದು ಕೇಳಿಸಿತು. ಹೆಬ್ಬೆರಳು ನಿಮಿರಿದ ಆ ಕ್ಷಣದಲ್ಲೇ. ಆಕೆಗೆ ಹೆಬ್ಬೆರಳು ಕಂಡಿರಲಿಲ್ಲ, ಆಕೆ ಆಕಾಶದಲ್ಲಿದ್ದಳು. ಫೋನು ಹಿಡಿದವನು ನನ್ನ ಕೈ ನೋಡಿದ, ಆಟ ನೋಡಲಿಲ್ಲ. ಈಗ ಶುರುವಿನಲ್ಲೇ ಹೇಳುತ್ತೇನೆ: 'ವಿಡಿಯೊ ಮಾಡೋರು ಮಾಡ್ಕೊಳ್ಳಿ, ಸಿಕ್ಕಿಬಿದ್ದರೆ ನಾಳೆ ಬಂದು ಬೈಯಿರಿ. ಕಣ್ಣಲ್ಲಿ ನೋಡೋರು ಮುಂದೆ ಬನ್ನಿ.' ಮುಕ್ಕಾಲು ಪಾಲು ಜನ ಫೋನು ಇಳಿಸುತ್ತಾರೆ. ಹೆಬ್ಬೆರಳನ್ನೂ ತಿದ್ದಿಕೊಂಡಿದ್ದೇನೆ, ಅದು ಬೇರೆ ಮಾತು.

ದುಡ್ಡು ಕೇಳುವುದು ಎಲ್ಲಕ್ಕಿಂತ ಕೊನೆಗೆ ಬಂತು. ಚಾಚಾರ ಕಾಲದ ರೀತಿ ನಿಮಗೆ ನೆನಪಿರಬಹುದು. ಆಟ ಅರ್ಧಕ್ಕೆ ಬಂದಾಗ ಅವರು ದನಿ ಏರಿಸಿ, ಯಾರೂ ಕೈ ಕಟ್ಟಿ ನಿಲ್ಲಬೇಡಿ, ನಡುವೆ ಎದ್ದು ಹೋದರೆ ರಕ್ತ ಕಾರ್ತೀರಿ ಅನ್ನುತ್ತಿದ್ದರು. ಜನ ಹೆದರಿ ನಿಲ್ಲುತ್ತಿದ್ದರು. ಅದೂ ಕಾಲು ಕಟ್ಟುವುದೇ. ಕೊನೆಗೆ ತಾಯತ ಮಾರಾಟ. ಆಟಕ್ಕೆ ಬೀಳುವ ಕಾಸಿಗಿಂತ ತಾಯತದ ಕಾಸೇ ಹೆಚ್ಚು. ಚಾಚಾ ನನ್ನ ಗುರು, ಅವರ ಬಗ್ಗೆ ಕೆಟ್ಟ ಮಾತು ಆಡಲಾರೆ. ಆದರೆ ಅವರಿದ್ದಾಗಲೂ ನಾನು ತಾಯತ ಮುಟ್ಟಲಿಲ್ಲ. ಕಾರಣ, ಹುಡುಗನಾಗಿದ್ದಾಗ ಎಚ್. ನರಸಿಂಹಯ್ಯನವರ ಭಾಷಣವೊಂದನ್ನು ಕೇಳಿದ್ದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಖಾದಿ ಟೋಪಿ, ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ ವಾಸ. ಅವರ ನ್ಯಾಷನಲ್ ಕಾಲೇಜಿಗೂ ನಾನು ಏಳು ಜನರ ಮುಂದೆ ಬೆವರಿದ ಆ ಏರುರಸ್ತೆಗೂ ನಡೆದು ಹೋಗುವಷ್ಟೇ ದೂರ.

ಈಗ ಒಂದು ಹೊಸ ತಾಪತ್ರಯ. 2017ರ ವಾಮಾಚಾರ ತಡೆ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂತಲ್ಲ, ಒಂದು ಸಂತೆಯಲ್ಲಿ ಹಿರಿಯರೊಬ್ಬರು ಗಂಭೀರವಾಗಿ, 'ಏನಪ್ಪಾ, ಇದಕ್ಕೆ ಈಗ ಬ್ಯಾನ್ ಆಗೈತೆ, ಒಳಗೆ ಹಾಕ್ತಾರೆ' ಅಂದರು. 'ಅಜ್ಜಾ, ಅದು ದೇವರ ಹೆಸರಲ್ಲಿ ಮೋಸ ಮಾಡೋರಿಗೆ, ನಾನು ನನ್ನ ಹೆಸರಲ್ಲೇ ಮೋಸ ಮಾಡ್ತೀನಿ' ಅಂದೆ. ಅವರು ನಕ್ಕು ಹತ್ತು ರೂಪಾಯಿ ಹಾಕಿದರು. ಈ ಮಾತು ಆಮೇಲೆ ನನ್ನ ಆಟದೊಳಗೇ ಸೇರಿತು.

ಹತ್ತು ರೂಪಾಯಿ ಹಾಕಿದರು ಅಂದೆನಲ್ಲ, ಅಂಥವರು ಈಗ ಅಪರೂಪ. ಮೊದಲೆಲ್ಲ ಮೊದಲ ನಾಣ್ಯ ದುಪ್ಪಟಿಗೆ ಬಿದ್ದ ಸದ್ದೇ ಎರಡನೆಯದನ್ನು ಎಳೆಯುತ್ತಿತ್ತು. ಒಬ್ಬ ಹಾಕಿದ್ದು ಎಲ್ಲರಿಗೂ ಕೇಳುತ್ತಿತ್ತು. ಸ್ಕ್ಯಾನ್ ಮಾಡಿದರೆ ಸದ್ದಿಲ್ಲ, ಕೊಟ್ಟವನಿಗೂ ನನಗೂ ಬಿಟ್ಟು ಯಾರಿಗೂ ತಿಳಿಯದು, ಅರ್ಧ ಜನ ಸ್ಕ್ಯಾನ್ ಮಾಡುವ ಹಾಗೆ ಫೋನು ತೋರಿಸಿ ಜಾರಿಕೊಳ್ಳುತ್ತಾರೆ. ಇದೂ ಒಂದು ಕೈಚಳಕ, ಮೆಚ್ಚಲೇಬೇಕು. ಇದಕ್ಕೆ ಪರಿಹಾರ ಹೇಳಿದ್ದು ಮಗಳು. ಅಂಗಡಿಗಳಲ್ಲಿ ಇರುತ್ತದಲ್ಲ, ದುಡ್ಡು ಬಂತು ಅಂತ ಕೂಗಿ ಹೇಳುವ ಪೆಟ್ಟಿಗೆ, ಅದನ್ನು ತಂದುಕೊಟ್ಟಳು. ಈಗ ಆಟದ ನಡುವೆ ಪೆಟ್ಟಿಗೆ ಕೂಗುತ್ತದೆ, ನಾನು ಅದಕ್ಕೆ ಉತ್ತರ ಕೊಡುತ್ತೇನೆ, ಜನ ನಗುತ್ತಾರೆ, ಆ ನಗುವಿನಲ್ಲಿ ಉಂಡೆ ಹೋಗಬೇಕಾದಲ್ಲಿಗೆ ಹೋಗುತ್ತದೆ. ನನ್ನ ಹೊಸ ಜಮೂರಾ ಅದೇ. ಕ್ಯೂಆರ್ ಕೋಡು ಮಗಳ ಖಾತೆಯದು. ಭಿಕ್ಷೆ ಅಂದಿದ್ದ ದುಡ್ಡು ಮೂರು ವರ್ಷದಿಂದ ನೇರವಾಗಿ ಅವಳಿಗೇ ಹೋಗುತ್ತಿದೆ. ಈ ಮಾತನ್ನು ಅವಳೆದುರು ನಾನು ಎತ್ತಿಲ್ಲ, ಅವಳೂ ಎತ್ತಿಲ್ಲ.

ಮೂರು ವರ್ಷ ಆಯಿತು ಅಂದೆ. ಚಾಚಾರ ಲೆಕ್ಕದಲ್ಲಿ ನನಗೆ ಈಗ ಕಾಲು ಕಟ್ಟಲು ಬರಬೇಕು. ಹೋದ ವರ್ಷದ ಪರಿಷೆಯಲ್ಲಿ ಎಂಟು ನಿಮಿಷಕ್ಕೆ ಸುತ್ತು ಕಟ್ಟಿತು, ಎಣಿಸಲಾರದಷ್ಟು ಜನ. ಆದರೆ ಎರಡನೆಯ ಆಟಕ್ಕೆ ಮಳೆ ಹನಿಯಿತು, ಒಬ್ಬರೂ ಉಳಿಯಲಿಲ್ಲ.

ಮಾತು ಸಾಕು. ಹೊರಗೆ ಹೊಂಗೆ ಮರದ ಕೆಳಗೆ ನನ್ನ ಮಣೆ ಇಟ್ಟು ಬಂದಿದ್ದೇನೆ. ಕುರ್ಚಿ ತರಬೇಡಿ. ಕಾಫಿಗೆ ಹೋಗುವವರು ಹೋಗಿ, ಯಾರೂ ರಕ್ತ ಕಾರುವುದಿಲ್ಲ. ಬರುವವರ ಹತ್ತಿರ ಒಂದು ರೂಪಾಯಿ ನಾಣ್ಯ ಇದೆಯಾ ನೋಡಿಕೊಳ್ಳಿ.

(ಅಂದು ಮೂವತ್ತು ಚಿಲ್ಲರೆ ಜನರಲ್ಲಿ ಹೊರಗೆ ಬಂದವರು ಹತ್ತೊಂಬತ್ತು. ನಾಣ್ಯ ಸಿಕ್ಕಿದ್ದು ಸಭೆಗೆ ಸೇರದ, ಕಾಫಿ ಕೊಡಲು ಬಂದಿದ್ದ ಹುಡುಗನ ಜೇಬಿನಲ್ಲಿ. ಅವನು ಫ್ಲಾಸ್ಕು ಕೆಳಗಿಟ್ಟು ಕೊನೆಯವರೆಗೂ ನಿಂತ. ಉಳಿದವರಿಗೆ ಕಾಫಿ ಸಿಗಲಿಲ್ಲ.)